ಪುಕ್ಕಟೆ ಸಿಕಮೋರ್ ಸೌದೆಗೆ ಹೂಂ ಅನ್ನುವ ಮುಂಚೆ

ಯಾರಾದರೂ "ದೊಡ್ಡ ಸಿಕಮೋರ್ ಮರ ಕಡಿಸಿದ್ದೇವೆ, ಸೌದೆಗೆ ಬೇಕಾದರೆ ತಗೊಂಡು ಹೋಗಿ" ಅಂದರೆ ದಯವಿಟ್ಟು ತಕ್ಷಣ ಒಪ್ಪಬೇಡಿ. ನಾನು ಒಪ್ಪಿದೆ. ಎರಡು ಬೇಸಿಗೆಯ ರಜಾದಿನಗಳೆಲ್ಲ ಅದಕ್ಕೇ ಹೋದವು. ಒಂದು ಕೊಡಲಿಯ ಕಾವು ಮುರಿಯಿತು. ಕೊನೆಗೆ ಚಿಮಣಿಗೆ ಬೆಂಕಿ ಹತ್ತುವ ಮಟ್ಟಕ್ಕೆ ಬಂದಿತ್ತು. ನಿಮಗೆ ಹಾಗಾಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ನನ್ನ ತಪ್ಪು ಶುರುವಾಗಿದ್ದು ಹೆಸರಿನಿಂದ. ಮರ ತರುವ ಮುಂಚೆ ನಾನು ಸುಮ್ನೆ ಕೂರಲಿಲ್ಲ, ಓದಿಕೊಂಡೆ. "ಸಿಕಮೋರ್ ಸುಲಭವಾಗಿ ಸೀಳುತ್ತದೆ, ಒಂದು ವರ್ಷದಲ್ಲಿ ಒಣಗುತ್ತದೆ, ಚೆನ್ನಾಗಿ ಉರಿಯುತ್ತದೆ" ಅಂತ ಬರೆದಿತ್ತು. ಅದು ಸುಳ್ಳಲ್ಲ. ಆದರೆ ಅದು ಬ್ರಿಟನ್ನಿನವರು ಸಿಕಮೋರ್ ಅನ್ನುವ ಮರದ ಮಾತು. ಅದು ಮೇಪಲ್ ಜಾತಿಯದು, ಏಸರ್ ಸೂಡೋಪ್ಲಾಟನಸ್. ನನಗೆ ಸಿಕ್ಕಿದ್ದು ಅಮೆರಿಕದ ಸಿಕಮೋರ್, ಪ್ಲಾಟನಸ್ ಆಕ್ಸಿಡೆಂಟಾಲಿಸ್. ಎರಡಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಈಜಿಪ್ಟಿನ ಕಡೆ ಇದೇ ಹೆಸರಿನ ಮೂರನೆಯ ಮರವೂ ಇದೆ. ಅದು ಅತ್ತಿಯ ಬಳಗದ್ದು! ಹಾಗಾಗಿ ಹೆಸರು ಕೇಳಿ ತೀರ್ಮಾನ ಮಾಡಬೇಡಿ, ಮರ ನೋಡಿ. ತೊಗಟೆ ಚಕ್ಕೆ ಚಕ್ಕೆಯಾಗಿ ಉದುರಿ, ಒಳಗೆ ಸುಣ್ಣ ಬಳಿದ ಹಾಗೆ ಬಿಳಿ ಕಾಣುತ್ತಿದೆಯೇ? ಉದ್ದ ತೊಟ್ಟಿಗೆ ಒಂದೊಂದೇ ಗುಂಡನೆಯ ಕಾಯಿ ಜೋತಾಡುತ್ತಿದೆಯೇ? ಹಾಗಿದ್ದರೆ ಅದು ಅಮೆರಿಕದ್ದು. ಬೀಜಕ್ಕೆ ಜೋಡಿ ರೆಕ್ಕೆ ಇದ್ದರೆ ಮೇಪಲ್ ಜಾತಿಯ ಸಿಕಮೋರ್, ಅದನ್ನು ಧೈರ್ಯವಾಗಿ ತನ್ನಿ. ಈ ಬರಹ ಪೂರ್ತಿ ಬಿಳಿ ತೊಗಟೆಯ ಮರದ ಬಗ್ಗೆ.

ದಿಮ್ಮಿಗಳು ಎರಡು ಅಡಿಗಿಂತ ಜಾಸ್ತಿ ಅಡ್ಡಗಲ ಇದ್ದವು. ಮೊದಲ ದಿನ ಒಂದನ್ನು ನಿಲ್ಲಿಸಿ, ಭಾರದ ಸೀಳುಕೊಡಲಿ ಎತ್ತಿ ಸರಿಯಾಗಿ ನಡುವಿಗೆ ಹೊಡೆದೆ. ಕೊಡಲಿ ರಬ್ಬರಿಗೆ ಬಡಿದ ಹಾಗೆ ಪುಟಿದು ಬಂತು. ಓಕ್ ಆಗಿದ್ದರೆ ಒಂದು ಬಿರುಕಾದರೂ ಕಾಣುತ್ತಿತ್ತು, ಇಲ್ಲಿ ಬರೀ ಒಂದು ಗೀರು. ಬೆಣೆ ಇಟ್ಟು ಸುತ್ತಿಗೆಯಲ್ಲಿ ಬಡಿದೆ. ಬೆಣೆ ಪೂರ್ತಿ ಒಳಗೆ ಹೋಯಿತು, ದಿಮ್ಮಿ ಬಾಯಿ ಬಿಡಲಿಲ್ಲ. ಅದನ್ನು ಬಿಡಿಸಲು ಇನ್ನೊಂದು ಬೆಣೆ ಹೊಡೆದೆ, ಅದೂ ಸಿಕ್ಕಿಹಾಕಿಕೊಂಡಿತು. ಆ ಒಂದು ದಿಮ್ಮಿಗೇ ಸಾಯಂಕಾಲವಾಯಿತು.

ಕಾರಣ ಆಮೇಲೆ ಗೊತ್ತಾಯಿತು. ಈ ಮರದ ಎಳೆ ನೇರವಾಗಿ ಇರುವುದಿಲ್ಲ. ಒಂದಷ್ಟು ವರ್ಷದ ಬೆಳವಣಿಗೆಯಲ್ಲಿ ಎಳೆ ಒಂದು ಕಡೆಗೆ ವಾಲಿರುತ್ತದೆ, ಮುಂದಿನ ಪದರದಲ್ಲಿ ಇನ್ನೊಂದು ಕಡೆಗೆ. ಚಾಪೆ ಹೆಣೆದ ಹಾಗೆ ಒಂದಕ್ಕೊಂದು ಹಿಡಿದುಕೊಂಡಿರುತ್ತವೆ. ಮಾಂಸ ಕಡಿಯುವ ಕೊರಡಿಗೆ ಇದೇ ಮರವನ್ನು ಬಳಸುತ್ತಾರೆ. ಎಷ್ಟು ಹೊಡೆದರೂ ಸೀಳಬಾರದು ಅಂತ ಆರಿಸುವ ಮರವನ್ನು ನಾನು ಸೀಳಲು ಹೊರಟಿದ್ದೆ.

ನಡುವಿಗೆ ಹೊಡೆಯುವುದು ಬಿಟ್ಟು ಅಂಚಿನಿಂದ ಸುತ್ತಲೂ ತೆಳ್ಳಗೆ ಎಬ್ಬಿಸುತ್ತಾ ಬಂದರೆ ಸ್ವಲ್ಪ ಬಗ್ಗುತ್ತದೆ. ದಿಮ್ಮಿಯನ್ನು ಮಲಗಿಸಿ ಎಳೆಯ ಉದ್ದಕ್ಕೇ ಚೈನ್ ಸಾ ಹಿಡಿದು ಕೊಯ್ಯಬಹುದು. ಕೆಲಸ ಆಗುತ್ತದೆ, ಆದರೆ ಪೆಟ್ರೋಲು ಕುಡಿಯುತ್ತದೆ, ಸರಪಳಿ ಬೇಗ ಮೊಂಡಾಗುತ್ತದೆ. ಕೊನೆಗೆ ನಾನು ಹೈಡ್ರಾಲಿಕ್ ಯಂತ್ರ ಬಾಡಿಗೆಗೆ ತಂದೆ. ಅದೂ ಸೀಳಲಿಲ್ಲ, ಹರಿಯಿತು ಅನ್ನಬೇಕು. ಎರಡು ಹೋಳಿನ ನಡುವೆ ನಾರು ನಾರಾಗಿ ಉಳಿದು, ಪ್ರತಿ ಸಲ ಕೊಡಲಿಯಿಂದ ಕತ್ತರಿಸಬೇಕಾಯಿತು. ಬಾಡಿಗೆ ಲೆಕ್ಕ ಹಾಕಿದಾಗಲೇ ಇದು ಪುಕ್ಕಟೆ ಸೌದೆ ಅಲ್ಲ ಅಂತ ಅರ್ಥವಾಯಿತು.

ಆದರೆ ಅಸಲಿ ಅಪಾಯ ಬೆವರಿನದಲ್ಲ, ನೀರಿನದು. ಹಸಿ ಸಿಕಮೋರ್‌ನಲ್ಲಿ ಒಣ ಮರದ ತೂಕಕ್ಕಿಂತ ನೀರಿನ ತೂಕವೇ ಜಾಸ್ತಿ. ನೂರು ಕಿಲೋ ಒಣ ಮರಕ್ಕೆ ಒಳಗಿನ ಕೆಚ್ಚಿನಲ್ಲಿ ಸುಮಾರು 114 ಕಿಲೋ, ಹೊರಗಿನ ಬೆಳಿ ಮರದಲ್ಲಿ ಸುಮಾರು 130 ಕಿಲೋ ನೀರು. ಬಿಳಿ ಓಕ್‌ನಲ್ಲಿ ಅದು 64 ಮತ್ತು 78. ದಪ್ಪ ದಿಮ್ಮಿಯಾದರೆ ಸೀಳಿದರೆ ಮಾತ್ರ ಈ ನೀರು ಬೇಗ ಹೊರಗೆ ಹೋಗುತ್ತದೆ. ಸೀಳಲು ಆಗುವುದಿಲ್ಲ ಅಂತ ನಾನು ಅರ್ಧಕ್ಕರ್ಧ ದಿಮ್ಮಿಗಳನ್ನು ತೊಗಟೆ ಸಮೇತ ನೆಲದ ಮೇಲೇ ಬಿಟ್ಟೆ. ಒಂದು ವರ್ಷ ಬಿಟ್ಟರೆ ತಾನೇ ಬಿರುಕು ಬಿಡುತ್ತದೆ ಅಂದುಕೊಂಡೆ. ಈ ಮರಕ್ಕೆ ಕೊಳೆಯುವಿಕೆ ತಡೆಯುವ ಶಕ್ತಿ ಇಲ್ಲವೇ ಇಲ್ಲ. ಕೆಳಗಿದ್ದ ದಿಮ್ಮಿಗಳಲ್ಲಿ ಅಣಬೆ ಎದ್ದಿತ್ತು, ಉಗುರಿಟ್ಟರೆ ಒಳಗೆ ಹೋಗುತ್ತಿತ್ತು.

ಗಟ್ಟಿಯಾಗಿ ಉಳಿದಿದ್ದನ್ನು ಯಂತ್ರಕ್ಕೆ ಕೊಟ್ಟು ಎರಡನೇ ಬೇಸಿಗೆಯ ಕೊನೆಯಲ್ಲಿ ಒಟ್ಟಿದೆ. ಹೊರಗೆ ಬೆಳ್ಳಗೆ ಒಣಗಿದ ಹಾಗೆ ಕಾಣುತ್ತಿತ್ತು. ಚಳಿ ಶುರುವಾದ ತಕ್ಷಣ ಒಲೆಗೆ ಹಾಕಿದೆ. ಸೌದೆಯ ತುದಿಯಿಂದ ನೊರೆ ಬಂತು, ಚುಂಯ್ ಅನ್ನುತ್ತಿತ್ತು. ಒಲೆಯ ಗಾಜು ಒಂದೇ ರಾತ್ರಿಯಲ್ಲಿ ಕಪ್ಪಾಯಿತು. ಗಾಳಿಯ ಬಾಗಿಲು ತೆರೆದು, ಇನ್ನೂ ಎರಡು ತುಂಡು ಹಾಕಿ ಹಾಗೇ ಮುಂದುವರಿಸಿದೆ. ಅದು ನಾನು ಮಾಡಿದ ದೊಡ್ಡ ತಪ್ಪು. ಒಂದು ಕಿಲೋ ತಣ್ಣೀರು ಕಾದು ಆವಿಯಾಗಲು ಸುಮಾರು 2.6 ಮೆಗಾಜೂಲ್ ಶಾಖ ಬೇಕು. ಆ ಶಾಖ ಬೆಂಕಿಯಿಂದಲೇ ಹೋಗುತ್ತದೆ. ಬೆಂಕಿ ತಣ್ಣಗಾದರೆ ಹೊಗೆ ಪೂರ್ತಿ ಉರಿಯುವುದಿಲ್ಲ, ಚಿಮಣಿಯ ಗೋಡೆಗೆ ಟಾರಿನ ಹಾಗೆ ಅಂಟಿಕೊಳ್ಳುತ್ತದೆ. ಇದೇ ಕ್ರಿಯೋಸೋಟ್. ಇದು ಹತ್ತಿಕೊಂಡರೆ ಚಿಮಣಿಯ ಒಳಗೇ ಬೆಂಕಿ, ಮನೆಗೂ ಹರಡಬಹುದು.

ಆರು ವಾರ ಕಳೆದ ಮೇಲೆ ಹೊಗೆ ಕೋಣೆಗೆ ಹಿಂದಕ್ಕೆ ಬರತೊಡಗಿತು. ಚಿಮಣಿ ಗುಡಿಸುವವರನ್ನು ಕರೆಸಿದೆ. ಅವರು ಮೇಲಿನಿಂದ ಒಂದು ಚಕ್ಕೆ ಕಿತ್ತು ತಂದು ನನ್ನ ಅಂಗೈಗೆ ಇಟ್ಟರು. ಕಪ್ಪು ಗಾಜಿನ ಹಾಗೆ ಹೊಳೆಯುತ್ತಿತ್ತು. "ಇವತ್ತೇ ಒಲೆ ಆರಿಸಿ, ಇದನ್ನು ತೆಗೆಯುವವರೆಗೆ ಹಚ್ಚಬೇಡಿ" ಅಂದರು. ಮಕ್ಕಳು ಅದೇ ಒಲೆಯ ಮುಂದೆ ಮಲಗುತ್ತಿದ್ದರು. ಇವತ್ತಿಗೂ ಅದನ್ನು ನೆನೆದರೆ ಕೈ ನಡುಗುತ್ತದೆ.

ಆ ದಿನವೇ ತೇವ ಅಳೆಯುವ ಮೀಟರ್ ತಂದೆ. ಸೌದೆಯ ಹೊರಮೈಯಲ್ಲಿ ಶೇಕಡಾ 18 ತೋರಿಸಿತು. ಅದೇ ತುಂಡನ್ನು ಸೀಳಿ ಒಳಮೈಗೆ ಚುಚ್ಚಿದರೆ 34. ಉರಿಸಲು 20ಕ್ಕಿಂತ ಕಡಿಮೆ ಇರಬೇಕು. ದಯವಿಟ್ಟು ಹೊರಗೆ ಅಳೆದು ನಂಬಬೇಡಿ, ಹೊಸದಾಗಿ ಸೀಳಿದ ಮೈಯಲ್ಲೇ ಅಳೆಯಿರಿ.

ಇಷ್ಟೆಲ್ಲ ಮಾಡಿ ಸಿಗುವುದಾದರೂ ಏನು? ನಾಲ್ಕು ಅಡಿ ಅಗಲ, ನಾಲ್ಕು ಅಡಿ ಎತ್ತರ, ಎಂಟು ಅಡಿ ಉದ್ದದ ಒಂದು ಕಾರ್ಡ್ ಒಣ ಸಿಕಮೋರ್‌ಗೆ ಸುಮಾರು 2 ಕೋಟಿ ಬಿಟಿಯು (ಶಾಖ ಅಳೆಯುವ ಒಂದು ಮಾನ) ಶಾಖ. ಅಷ್ಟೇ ಬಿಳಿ ಓಕ್ ಒಟ್ಟಿದರೆ 2.5 ಕೋಟಿಗೂ ಜಾಸ್ತಿ. ಚೆನ್ನಾಗಿ ಒಣಗಿದ ಸಿಕಮೋರ್ ಬೇಗ ಹತ್ತಿಕೊಳ್ಳುತ್ತದೆ, ಒಳ್ಳೆಯ ಜ್ವಾಲೆ ಕೊಡುತ್ತದೆ, ಅದನ್ನು ಒಪ್ಪಲೇಬೇಕು. ಆದರೆ ಕೆಂಡ ನಿಲ್ಲುವುದಿಲ್ಲ. ರಾತ್ರಿ ತುಂಬಿಸಿ ಮಲಗಿದರೆ ಬೆಳಗ್ಗೆ ಬೂದಿ ಮಾತ್ರ.

ನಿಮ್ಮ ಹತ್ತಿರ ಸ್ವಂತ ಯಂತ್ರ ಇದ್ದು, ಮರ ಮನೆ ಬಾಗಿಲಲ್ಲೇ ಬಿದ್ದಿದ್ದರೆ ವಿಷಯ ಬೇರೆ. ತಂದ ವಾರದಲ್ಲೇ ಸೀಳಿ, ನೆಲಕ್ಕೆ ತಾಗದ ಹಾಗೆ ಅಡಿಗೆ ಮರದ ತುಂಡು ಕೊಟ್ಟು, ಮೇಲೆ ಮಾತ್ರ ಹೊದಿಸಿ ಒಟ್ಟಿ. ವಸಂತ ಮತ್ತು ಶರತ್ಕಾಲದ ಸಣ್ಣ ಚಳಿಗೆ ಬರುತ್ತದೆ. ಯಂತ್ರ ಇಲ್ಲದಿದ್ದರೆ ಕೈ ದಪ್ಪದ ಕೊಂಬೆಗಳನ್ನು ಮಾತ್ರ ಕೇಳಿ ತನ್ನಿ. ಅವನ್ನು ಸೀಳುವುದೇ ಬೇಡ, ಗಿಡ್ಡಕ್ಕೆ ಕೊಯ್ದು ಒಣಗಿಸಿದರೆ ಸಾಕು. ಬುಡದ ದಿಮ್ಮಿಗಳನ್ನು ಮಾತ್ರ ಅಲ್ಲೇ ಬಿಟ್ಟು ಬನ್ನಿ.

ಮೊನ್ನೆ ಪಕ್ಕದ ರಸ್ತೆಯವರು ಫೋನ್ ಮಾಡಿ, ಇನ್ನೊಂದು ಸಿಕಮೋರ್ ಬಿದ್ದಿದೆ, ಬೇಕಾ ಅಂತ ಕೇಳಿದರು. ಕೊಂಬೆ ಇದ್ದರೆ ಹೇಳಿ ಅಂದೆ.