ಸಿಂಗಪುರದಲ್ಲಿ ‘ಮೆರಿಡಿಯನ್ ತಪಾಸಣೆ 38 ಡಾಲರ್’ ಅಂತ ಕರೆದರೆ ದಯವಿಟ್ಟು ಹೋಗಬೇಡಿ

ಒಂದು ತಿಂಗಳಿಂದ ಬರೀಬೇಕು ಬರೀಬೇಕು ಅಂದುಕೊಂಡು ನಾಚಿಕೆಗೆ ಸುಮ್ಮನಿದ್ದೆ. ಇವತ್ತು ಆ ಅಂಗಡಿಯವರಿಂದ ‘ನಿಮ್ಮ ಪ್ಯಾಕೇಜ್ ಅವಧಿ ಮುಗೀತಾ ಬಂತು, ಬೇಗ ಬನ್ನಿ’ ಅಂತ ಮತ್ತೆ ಮೆಸೇಜ್ ಬಂತು. ಇನ್ನು ತಡೆಯೋಕಾಗಲ್ಲ. ಊರಿಂದ ಅಪ್ಪ ಅಮ್ಮ, ಅತ್ತೆ ಮಾವನ್ನ ಇಲ್ಲಿಗೆ ಕರೆಸಿಕೊಂಡಿರುವವರು ಪೂರ್ತಿ ಓದಿ.

ನಮ್ಮ ಅತ್ತೆಗೆ 68. ಹಾಸನದಿಂದ ಎರಡು ತಿಂಗಳಿಗೆ ಅಂತ ಬಂದಿದ್ದರು. ಮಂಡಿನೋವು ಹಳೆಯದು. ಎಂಆರ್‌ಟಿ ಸ್ಟೇಷನ್ ಪಕ್ಕದ ಮಾಲ್‌ನಲ್ಲಿ ಒಬ್ಬಳು ಹುಡುಗಿ ಚೀಟಿ ಕೊಟ್ಟಳು. ಅಕ್ಯುಪಂಕ್ಚರ್, ಮೆರಿಡಿಯನ್ ತಪಾಸಣೆ, ಮೊದಲ ಸಲ 38 ಡಾಲರ್. ಮೆರಿಡಿಯನ್ ಅಂದರೆ ಚೀನೀ ವೈದ್ಯದ ಪ್ರಕಾರ ಮೈಯೊಳಗೆ ಶಕ್ತಿ ಹರಿಯುವ ದಾರಿ, ಅದರ ಮೇಲಿನ ಬಿಂದುಗಳಿಗೆ ಸೂಜಿ ಹಾಕುವುದೇ ಅಕ್ಯುಪಂಕ್ಚರ್. ಅತ್ತೆ ಬೇಡ ಅಂದರು. ‘ಇದು ಎರಡು ಸಾವಿರ ವರ್ಷದ ವಿದ್ಯೆ ಅತ್ತೆ, ಒಂದ್ಸಲ ನೋಡೋಣ’ ಅಂತ ಒಪ್ಪಿಸಿದವಳು ನಾನು. ಆ ವಿಷಯ ನಾನು ಒಂದಿಷ್ಟು ಓದಿಕೊಂಡಿದ್ದೆ, ಅದೇ ಮುಳುವಾಯಿತು.

ಒಳಗೆ ಒಂದು ಲೋಹದ ಕಡ್ಡಿ. ಮಣಿಕಟ್ಟು, ಪಾದ, ಎಡ ಬಲ ಸೇರಿ 24 ಕಡೆ ಮುಟ್ಟಿಸಿದರು. ಕಂಪ್ಯೂಟರಿನಲ್ಲಿ 12 ಮೆರಿಡಿಯನ್‌ಗಳ ಪಟ್ಟಿ ಬಂತು, ಅದರಲ್ಲಿ ಕಿಡ್ನಿಯದು ಕೆಂಪು. ‘ಮೂಳೆಗೆ ಒಡೆಯ ಕಿಡ್ನಿ, ಅದಕ್ಕೇ ಮಂಡಿನೋವು’ ಅಂದಳು. ಚೀನೀ ವೈದ್ಯದಲ್ಲಿ ಈ ಮಾತು ನಿಜವಾಗಿಯೂ ಇದೆ. ಆದರೆ ಅವರು ಕಿಡ್ನಿ ಅನ್ನುವುದು ರಕ್ತಪರೀಕ್ಷೆಯಲ್ಲಿ ನೋಡುವ ಕಿಡ್ನಿ ಅಲ್ಲ, ದೇಹದ ಮೂಲಶಕ್ತಿಗೆ ಇಟ್ಟುಕೊಂಡ ಹೆಸರು. ಇದು ನನಗೆ ಗೊತ್ತಿತ್ತು! ಗೊತ್ತಿದ್ದೂ ಅತ್ತೆಗೆ ‘ಕಿಡ್ನಿ ವೀಕ್ ಅಂತೆ’ ಅಂತ ಕನ್ನಡದಲ್ಲಿ ಹೇಳಿಬಿಟ್ಟೆ. ಅವರ ತಮ್ಮ ಮೂರು ವರ್ಷ ಡಯಾಲಿಸಿಸ್‌ಗೆ ಅಲೆದು ತೀರಿಕೊಂಡವರು. ಅತ್ತೆಯ ಮುಖ ಬಿಳಿಚಿಕೊಂಡಿತು. ಆ ಹುಡುಗಿ ಅದನ್ನ ನೋಡಿದಳು. ನೋಡಿಯೇ ಪ್ಯಾಕೇಜ್ ಕಾಗದ ತೆಗೆದಳು.

ಅದಕ್ಕೂ ಮುಂಚೆ ಇನ್ನೊಂದು ಪ್ರಶ್ನೆ. ‘ಬೆಳಗಿನ ಜಾವ ಮೂರರಿಂದ ಐದರೊಳಗೆ ಎಚ್ಚರ ಆಗುತ್ತಾ?’ ಅತ್ತೆ ಹೌದು ಅಂದರು. ಅದು ಶ್ವಾಸಕೋಶದ ಮೆರಿಡಿಯನ್ ಹೊತ್ತಂತೆ, ಅಲ್ಲೂ ತಡೆ ಇದೆಯಂತೆ. ಅರವತ್ತೆಂಟರಲ್ಲಿ ಆ ಹೊತ್ತಿಗೆ ಎಚ್ಚರ ಆಗದವರು ಯಾರಿದ್ದಾರೆ ಹೇಳಿ. ಅವಳಾಡಿದ ಒಂದೊಂದು ಮಾತೂ ಪುಸ್ತಕದಲ್ಲಿ ಇರುವಂಥದ್ದೇ. ಅದಕ್ಕೇ ನಾನು ನಂಬಿದ್ದು. 10 ಸಲಕ್ಕೆ 1,680 ಡಾಲರ್, ಸೀನಿಯರ್ ವೈದ್ಯರೇ ಸೂಜಿ ಹಾಕುತ್ತಾರೆ ಅಂದರು. ಕಾರ್ಡ್ ಉಜ್ಜಿದೆ. ನಮ್ಮ ದುಡ್ಡಲ್ಲಿ ಒಂದು ಲಕ್ಷಕ್ಕೂ ಮೇಲೆ.

ವೈದ್ಯರು ಬರಲೇ ಇಲ್ಲ. ಮೊದಲ ಸಲ ಕೇಳಿದರೆ ‘ಜೊಹೋರ್‌ಗೆ ಹೋಗಿದ್ದಾರೆ’, ಅಂದರೆ ಗಡಿಯಾಚೆ ಮಲೇಷ್ಯಾಗೆ. ಎರಡನೇ ಸಲವೂ ಜೊಹೋರ್. ಸೂಜಿಯ ಬದಲು ಅದೇ ಹುಡುಗಿ ಕರೆಂಟ್ ಪೆನ್ನು, ಹೆಬ್ಬೆರಳು ಒತ್ತುವುದು. ಕಾಲು ನೀಲಿಗಟ್ಟಿತು. ಕೇಳಿದರೆ ‘ವಿಷ ಹೊರಗೆ ಬರ್ತಿದೆ, ಒಳ್ಳೇದು’.

ನಾಲ್ಕನೇ ಸಲ ನಾನು ಪಕ್ಕದಲ್ಲೇ ಕೂತಿದ್ದೆ. ‘ಜುಸಾನ್ಲಿ ಒತ್ತುತ್ತೇನೆ’ (ಜಠರದ ಮೆರಿಡಿಯನ್ ಮೇಲಿನ ಒಂದು ಬಿಂದು) ಅಂತ ಅವಳು ತನ್ನ ನಾಲ್ಕು ಬೆರಳು ಇಟ್ಟು ಅಳೆದು ಮೊಣಕಾಲ ಕೆಳಗೆ ಒಳಬದಿಯಲ್ಲಿ ಒತ್ತಿದಳು. ಒಳಬದಿಯಲ್ಲಿ! ನಾನು ತಲೆ ಎತ್ತಿ ಗೋಡೆ ನೋಡಿದೆ. ಅವರದ್ದೇ ಪೋಸ್ಟರ್, ಅದರಲ್ಲಿ ಜಠರದ ಮೆರಿಡಿಯನ್ ಮೊಣಕಾಲ ಹೊರಬದಿಯಲ್ಲಿ ಇಳಿದಿದೆ, ಜುಸಾನ್ಲಿ ಚುಕ್ಕೆಯೂ ಹೊರಬದಿಯಲ್ಲೇ ಇದೆ. ಒಳಗಡೆ ಹೋಗುವುದು ಗುಲ್ಮದ (ಸ್ಪ್ಲೀನ್) ಮೆರಿಡಿಯನ್, ಬೇರೆಯದೇ ದಾರಿ. ‘ಅದು ಹೊರಗಡೆ ಅಲ್ವಾ?’ ಅಂದೆ. ‘ಒಳಗೂ ಹೊರಗೂ ಒಂದೇ ಮೇಡಂ, ಎನರ್ಜಿ ಸುತ್ತುತ್ತೆ’ ಅಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ಅತ್ತೆ ‘ಏನಂತೆ ಕಣಮ್ಮಾ?’ ಅಂತ ಕೇಳುತ್ತಿದ್ದಾರೆ. ಏನಂತ ಹೇಳಲಿ. ಮೊದಲನೇ ದಿನದಿಂದ ಅವಳ ಸುಳ್ಳನ್ನೆಲ್ಲ ಕನ್ನಡಕ್ಕೆ ತಂದು ಇವರ ಕಿವಿಗೆ ಹಾಕಿದವಳೇ ನಾನು.

ಸಾವಿರ ವರ್ಷದ ಹಿಂದೆ, 1027ರ ಹೊತ್ತಿಗೆ, ಸಾಂಗ್ ಅರಸರ ಕಾಲದಲ್ಲಿ ವಾಂಗ್ ವೇಯಿಯಿ ಅನ್ನುವ ವೈದ್ಯರು ಕಂಚಿನ ಮನುಷ್ಯನನ್ನ ಎರಕ ಹೊಯ್ಯಿಸಿದ್ದರು. ಮೈಮೇಲೆ ಬಿಂದುಗಳಿಗೆ ತೂತು, ಮೇಲೆ ಮೇಣ, ಒಳಗೆ ನೀರು. ಸೂಜಿ ಸರಿಯಾದ ಜಾಗಕ್ಕೆ ಹೋದರೆ ನೀರು ಬರಬೇಕು, ಇಲ್ಲದಿದ್ದರೆ ವಿದ್ಯಾರ್ಥಿ ನಪಾಸು. ಇವತ್ತು 361 ಬಿಂದುಗಳ ಜಾಗಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಪುಸ್ತಕವೇ ಇದೆ. ಈ ವಿದ್ಯೆಯನ್ನ ನೀವು ನಂಬಿ, ಬಿಡಿ. ಮೆರಿಡಿಯನ್ ಅನ್ನುವ ನಾಳ ದೇಹ ಕೊಯ್ದು ನೋಡಿದರೂ ಕಾಣಲ್ಲ ಅನ್ನುವವರ ಜೊತೆ ನಾನು ಜಗಳಕ್ಕೆ ಹೋಗಲ್ಲ. ಆದರೆ ಆ ವಿದ್ಯೆ ಕಲಿತವರು ಎಲ್ಲಿ ಬೇಕಾದರೂ ಒತ್ತಲ್ಲ. ಇವರು ಕಲಿತೇ ಇಲ್ಲ, ಹೆಸರು ಮಾತ್ರ ಬಾಯಿಪಾಠ ಮಾಡಿದ್ದಾರೆ.

ದುಡ್ಡು ವಾಪಸ್ ಕೇಳಿದೆ. ಉತ್ತರ: ‘ನಾವು ಕ್ಲಿನಿಕ್ ಅಲ್ಲ ಮೇಡಂ, ವೆಲ್‌ನೆಸ್ ಸೆಂಟರ್. ಸೂಜಿ ಹಾಕ್ತೀವಿ ಅಂತ ಕಾಗದದಲ್ಲಿ ಎಲ್ಲೂ ಇಲ್ಲ.’ ತೆಗೆದು ನೋಡಿದೆ, ನಿಜ, ‘ಮೆರಿಡಿಯನ್ ಥೆರಪಿ’ ಅಂತಷ್ಟೇ ಇದೆ. ಓದದೆ ಸಹಿ ಹಾಕಿದ್ದೆ. ಆಮೇಲೆ ಬಂದ ಮಾತು ಇನ್ನೂ ಚೆನ್ನಾಗಿದೆ: ‘ಉಳಿದ ಆರು ಸಲವನ್ನ ನಿಮ್ಮ ಫ್ರೆಂಡ್ಸ್‌ಗೆ ವರ್ಗಾಯಿಸಬಹುದು.’ ಅಂದರೆ ನಾನು ಇನ್ನೊಬ್ಬರನ್ನ ಕರೆತಂದು ಅದೇ ಕುರ್ಚಿಯಲ್ಲಿ ಕೂರಿಸಬೇಕು!

ಸಿಂಗಪುರದಲ್ಲಿ 2000ದಿಂದಲೇ ಕಾಯ್ದೆ ಇದೆ. ಅಕ್ಯುಪಂಕ್ಚರ್ ಮಾಡುವವರ ಹೆಸರು ಟಿಸಿಎಂ (ಸಾಂಪ್ರದಾಯಿಕ ಚೀನೀ ವೈದ್ಯ) ಪ್ರಾಕ್ಟಿಷನರ್ಸ್ ಬೋರ್ಡ್‌ನಲ್ಲಿ ನೋಂದಣಿ ಆಗಿರಬೇಕು. ಆನ್‌ಲೈನ್‌ನಲ್ಲೇ ಹುಡುಕಬಹುದು, ಎರಡು ನಿಮಿಷದ ಕೆಲಸ. ನಾನು ಮಾಡಲಿಲ್ಲ. ನೀವು ಮಾಡಿ, ದುಡ್ಡು ಕೊಡುವ ಮೊದಲೇ ಮಾಡಿ. ಪ್ಯಾಕೇಜ್ ಅಂದ ಕೂಡಲೇ ಎದ್ದು ಬನ್ನಿ. ಸಣ್ಣ ಮೊತ್ತದ ಕೇಸು ನೋಡುವ ಸ್ಮಾಲ್ ಕ್ಲೇಮ್ಸ್ ಟ್ರಿಬ್ಯುನಲ್‌ಗೆ ಹಾಕುವುದಕ್ಕೆ ನಾನೀಗ ಕಾಗದ ಜೋಡಿಸುತ್ತಿದ್ದೇನೆ.

ಆಮೇಲೆ ಬೋರ್ಡಿನ ಪಟ್ಟಿಯಲ್ಲಿ ಹೆಸರಿದ್ದ ಒಬ್ಬ ವಯಸ್ಸಾದ ಸಿನ್‌ಸೆ (ಚೀನೀ ವೈದ್ಯರು) ಹತ್ತಿರ ಕರೆದುಕೊಂಡು ಹೋದೆ. ಅವರು ಅತ್ತೆಯ ಕೈಯನ್ನೇ ಹಿಡಿದು, ಅತ್ತೆಯ ನಾಲ್ಕು ಬೆರಳನ್ನೇ ಅವರ ಮೊಣಕಾಲ ಚಿಪ್ಪಿನ ಕೆಳಗೆ ಅಡ್ಡ ಇಡಿಸಿ, ಹೊರಬದಿಯಲ್ಲಿ ತೋರಿಸಿದರು. ಯಾರ ಕಾಲೋ ಅವರ ಬೆರಳಲ್ಲೇ ಅಳೆಯಬೇಕಂತೆ. ಸೂಜಿ ಹಾಕುವ ಮೊದಲು ಎಕ್ಸ್‌ರೇ ತೆಗೆಸಿ ಬನ್ನಿ ಅಂದರು. ಮೂಳೆ ಸವೆತ. ಕಿಡ್ನಿಯ ಮಾತೇ ಎತ್ತಲಿಲ್ಲ.

ಅತ್ತೆ ಊರಿಗೆ ಹೋಗಿ ಮೂರು ವಾರ ಆಯಿತು. ಹಾಸನದಲ್ಲಿ ಈಗಾಗಲೇ ಎರಡು ಸಲ ಕ್ರಿಯಾಟಿನಿನ್ (ಕಿಡ್ನಿಗೆ ಮಾಡುವ ರಕ್ತಪರೀಕ್ಷೆ) ಮಾಡಿಸಿದ್ದಾರೆ, ಎರಡೂ ಸಲ ನಾರ್ಮಲ್. ನಿನ್ನೆ ಫೋನ್ ಮಾಡಿ ಕೇಳಿದರು: ‘ಆ ಮಿಷನ್ನಲ್ಲಿ ಕೆಂಪು ಬಂದಿತ್ತಲ್ಲಮ್ಮಾ, ಬೆಂಗಳೂರಲ್ಲಿ ಒಂದ್ಸಲ ದೊಡ್ಡ ಡಾಕ್ಟರಿಗೆ ತೋರಿಸಲಾ?’