ಹೋಟೆಲ್ ಕ್ಯಾಲಿಫೋರ್ನಿಯಾ: ಯಾವ ರೆಕಾರ್ಡ್ ಕೊಳ್ಳಬೇಕು, ಏಕೆ?

ಈಗಲ್ಸ್ ತಂಡದ ‘ಹೋಟೆಲ್ ಕ್ಯಾಲಿಫೋರ್ನಿಯಾ’ ಗೊತ್ತಿಲ್ಲದ ರಾಕ್ ಕೇಳುಗರು ಸಿಗುವುದು ಅಪರೂಪ. ಆದರೆ ಎಷ್ಟೋ ಮಂದಿಯ ಕಿವಿಯಲ್ಲಿ ನೆಲೆ ನಿಂತಿರುವುದು ಮೂಲ ಹಾಡಲ್ಲ, 1994ರ ‘ಹೆಲ್ ಫ್ರೀಜಸ್ ಓವರ್’ ಆಲ್ಬಮ್ಮಿನ ಅಕೂಸ್ಟಿಕ್ ರೂಪ. ನೈಲಾನ್ ತಂತಿಯ ಗಿಟಾರ್, ಕೈವಾದ್ಯದ ಗುಮ್ಮೆನ್ನುವ ಪೆಟ್ಟು, ಪ್ರೇಕ್ಷಕರ ಚಪ್ಪಾಳೆ. ಸ್ಪೀಕರ್ ಮಾರುವ ಅಂಗಡಿಗಳಲ್ಲಿ ಪರೀಕ್ಷೆಗೆ ಹಾಕುವುದೂ ಹೆಚ್ಚಾಗಿ ಅದನ್ನೇ. ಅದು ಒಳ್ಳೆಯ ಧ್ವನಿಮುದ್ರಣ, ಅನುಮಾನವಿಲ್ಲ. ಆದರೆ ಈ ಹಾಡು ಏಕೆ ದೊಡ್ಡದಾಯಿತು ಎಂದು ತಿಳಿಯಬೇಕಾದರೆ 1976ರ ಸ್ಟುಡಿಯೋ ಮುದ್ರಣಕ್ಕೇ ಹೋಗಬೇಕು, ಅದೂ ಸರಿಯಾದ ಪ್ರತಿಗೆ. ಒಂದೇ ಆಲ್ಬಮ್ ಕೊಳ್ಳುವುದಾದರೆ ಅದನ್ನೇ ಕೊಳ್ಳಿ.

ಹಾಡಿನ ಬೀಜ ಬಿದ್ದದ್ದು ಮಾಲಿಬು ಕಡಲ ದಂಡೆಯ ಒಂದು ಬಾಡಿಗೆ ಮನೆಯಲ್ಲಿ. 1974ರಲ್ಲಿ ತಂಡ ಸೇರಿದ್ದ ಗಿಟಾರ್ ವಾದಕ ಡಾನ್ ಫೆಲ್ಡರ್ ಅಲ್ಲಿ ನಾಲ್ಕು ಟ್ರ್ಯಾಕಿನ ಟೇಪ್ ರೆಕಾರ್ಡರಿನಲ್ಲಿ, ರಿದಂ ಪೆಟ್ಟಿಗೆಯೊಂದನ್ನು ಜೊತೆಗಿಟ್ಟುಕೊಂಡು ಹಲವು ಸಂಗೀತದ ತುಣುಕುಗಳನ್ನು ಮುದ್ರಿಸಿದರು. ಕ್ಯಾಸೆಟ್ಟಿನಲ್ಲಿದ್ದ ತುಣುಕುಗಳಲ್ಲಿ ತಂಡದ ಗಾಯಕರಾದ ಡಾನ್ ಹೆನ್ಲಿ ಮತ್ತು ಗ್ಲೆನ್ ಫ್ರೈ ಕಿವಿ ನಿಮಿರಿಸಿದ್ದು ಇದಕ್ಕೆ. ಆಗ ಅದಕ್ಕಿದ್ದ ತಾತ್ಕಾಲಿಕ ಹೆಸರು ‘ಮೆಕ್ಸಿಕನ್ ರೆಗೇ’. ಈ ಹೆಸರನ್ನು ನೆನಪಿಟ್ಟುಕೊಂಡು ಚರಣಗಳನ್ನು ಕೇಳಿದರೆ, ಎಲೆಕ್ಟ್ರಿಕ್ ಗಿಟಾರಿನ ಕತ್ತರಿಸಿದಂಥ ಎದುರು ತಾಳವೂ ರ‍್ಯಾಂಡಿ ಮೈಸ್ನರ್ ಅವರ ಬೇಸ್ ಬಿಟ್ಟು ಬಿಟ್ಟು ಬರುವ ರೀತಿಯೂ ಎಲ್ಲಿಂದ ಬಂದವು ಎಂದು ಹೊಳೆಯುತ್ತದೆ. ಸಂಗೀತ ಫೆಲ್ಡರ್ ಅವರದು. ಸಾಹಿತ್ಯದ ಹೆಚ್ಚಿನ ಪಾಲು ಹೆನ್ಲಿಯವರದು, ಫ್ರೈ ಜೊತೆಗೂಡಿದ್ದು. ಕೃತಿಕಾರರ ಸಾಲಿನಲ್ಲಿ ಮೂವರ ಹೆಸರೂ ಇದೆ.

ಮುದ್ರಣ ಸಲೀಸಾಗಿ ಆಗಲಿಲ್ಲ. ಫೆಲ್ಡರ್ ಕಟ್ಟಿದ್ದು ಇ ಮೈನರಿನಲ್ಲಿ. ಹಾಡಲು ನಿಂತಾಗ ಅದು ಹೆನ್ಲಿಯವರ ಕಂಠಕ್ಕೆ ಮೀರಿದ ಎತ್ತರ. ಶ್ರುತಿ ಇಳಿಸುತ್ತಾ ಇಳಿಸುತ್ತಾ ಬಿ ಮೈನರಿಗೆ ಬಂದು ನಿಂತರು. ಗಿಟಾರಿಗೆ ಇದು ಸಹಜವಾದ ಜಾಗವಲ್ಲ. ಹೀಗಾಗಿಯೇ ಆರಂಭದ ಹನ್ನೆರಡು ತಂತಿಯ ಗಿಟಾರನ್ನು ಏಳನೆಯ ಫ್ರೆಟ್ಟಿನಲ್ಲಿ ಕೇಪೋ (ಎಲ್ಲ ತಂತಿಗಳನ್ನೂ ಅದುಮಿ ಶ್ರುತಿ ಏರಿಸುವ ಹಿಡಿಕೆ) ಬಿಗಿದು, ಇ ಮೈನರಿನ ಬೆರಳು ಹಿಡಿತದಲ್ಲೇ ನುಡಿಸಿದ್ದು. ಆ ಹಾಡಿನ ಹೆಸರು ಕೇಳಿದೊಡನೆ ಕಿವಿಗೆ ಬರುವ ಗಾಜಿನಂಥ ಮಿನುಗು ಹುಟ್ಟಿದ್ದು ಒಬ್ಬ ಗಾಯಕನ ಗಂಟಲಿನ ಮಿತಿಯಿಂದ. ಲಾಸ್ ಏಂಜಲಿಸ್‌ನ ರೆಕಾರ್ಡ್ ಪ್ಲಾಂಟ್ ಮತ್ತು ಮಯಾಮಿಯ ಕ್ರೈಟೀರಿಯಾ ಸ್ಟುಡಿಯೋಗಳಲ್ಲಿ ಆಲ್ಬಮ್ ಸಿದ್ಧವಾಯಿತು. ನಿರ್ಮಾಪಕ ಬಿಲ್ ಸಿಮ್ಜಿಕ್ ಹಾಡಿನ ಹಲವು ಟೇಕುಗಳ ಉತ್ತಮ ಭಾಗಗಳನ್ನು ಆರಿಸಿ, ಎರಡಿಂಚಿನ ಮಾಸ್ಟರ್ ಟೇಪನ್ನು ಬ್ಲೇಡಿನಿಂದ ಕತ್ತರಿಸಿ ಅಂಟಿಸಿದರು. ಮೂವತ್ತಕ್ಕೂ ಹೆಚ್ಚು ಜೋಡಣೆಗಳಿವೆ. ಎಷ್ಟು ಕಿವಿಗೊಟ್ಟರೂ ಬೆಸುಗೆ ಕಾಣುವುದಿಲ್ಲ.

ಕಡೆಯ ಗಿಟಾರ್ ಭಾಗದ ಬಗ್ಗೆ ನಿಧಾನವಾಗಿ ಹೇಳಬೇಕು, ಏಕೆಂದರೆ ಕೊಟ್ಟ ಹಣದ ಬೆಲೆ ಇರುವುದು ಅಲ್ಲೇ. ಹಾಡು ಆರೂವರೆ ನಿಮಿಷ. ಅದರಲ್ಲಿ ಕೊನೆಯ ಎರಡು ನಿಮಿಷಕ್ಕೂ ಹೆಚ್ಚು ಕಾಲ ಮಾತಿಲ್ಲ, ಬರೀ ಫೆಲ್ಡರ್ ಮತ್ತು ತಂಡದ ಇನ್ನೊಬ್ಬ ಗಿಟಾರ್ ವಾದಕ ಜೋ ವಾಲ್ಶ್. ಮೊದಲು ಫೆಲ್ಡರ್ ಲೆಸ್ ಪಾಲ್ ಗಿಟಾರಿನಲ್ಲಿ, ದುಂಡಗಿನ, ಎಳೆದು ನಿಲ್ಲಿಸುವ ನಾದ. ಬಳಿಕ ವಾಲ್ಶ್ ಟೆಲಿಕಾಸ್ಟರಿನಲ್ಲಿ, ಕೊಂಚ ಒರಟು ಮತ್ತು ಚೂಪು. ಆಮೇಲೆ ಸರದಿ ಚಿಕ್ಕದಾಗುತ್ತಾ ಹೋಗಿ, ಇಬ್ಬರೂ ಒಟ್ಟಿಗೆ ಜೋಡಿಸ್ವರಗಳಲ್ಲಿ ಇಳಿಯುವ ಆ ಪ್ರಸಿದ್ಧ ಅಲೆ ಬರುತ್ತದೆ. ಇದು ಸ್ಟುಡಿಯೋದಲ್ಲಿ ಆ ಕ್ಷಣಕ್ಕೆ ಹೊಳೆದದ್ದಲ್ಲ. ವಾಲ್ಶ್ ಮತ್ತು ಫೆಲ್ಡರ್ ಹೊಸದಾಗಿ ಏನೋ ನುಡಿಸಲು ಹೊರಟಾಗ, ಕ್ಯಾಸೆಟ್ಟಿನಲ್ಲಿ ಇದ್ದಂತೆಯೇ ಬೇಕು ಎಂದು ಹೆನ್ಲಿ ಪಟ್ಟು ಹಿಡಿದರು. ಕ್ಯಾಸೆಟ್ ಮಾಲಿಬುವಿನಲ್ಲಿ, ತಂಡ ಮಯಾಮಿಯಲ್ಲಿ. ಫೆಲ್ಡರ್ ಮನೆಗೆಲಸದವರಿಗೆ ಫೋನ್ ಮಾಡಿ, ಕ್ಯಾಸೆಟ್ ಹುಡುಕಿಸಿ, ಫೋನಿನ ಬಳಿ ಅದನ್ನು ಹಾಕಿಸಿ ಕೇಳಿ ಕಲಿತುಕೊಂಡರು. ಹೆನ್ಲಿಯವರ ಹಟ ಸರಿಯಾಗಿತ್ತು. ಬರೆದಿಟ್ಟ ರಾಗದ ಬಿಗಿ ಇಲ್ಲದೆ ಹೋಗಿದ್ದರೆ ಆ ಎರಡು ನಿಮಿಷವನ್ನು ಜನ ಬಾಯಲ್ಲಿ ಗುನುಗುತ್ತಿರಲಿಲ್ಲ.

ಅದೇ ಎಂಟು ಕಾರ್ಡುಗಳು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು) ಮತ್ತೆ ಮತ್ತೆ ಬಂದರೂ ಬೇಸರವಾಗದಿರಲು ಕಾರಣ ಅವುಗಳ ಜೋಡಣೆಯಲ್ಲಿದೆ: ಬಿ ಮೈನರ್, ಎಫ್ ಶಾರ್ಪ್, ಎ, ಇ, ಜಿ, ಡಿ, ಇ ಮೈನರ್, ಎಫ್ ಶಾರ್ಪ್. ಮೊದಲ ಮೂರು ಜೋಡಿಗಳು ಒಂದೇ ಅಚ್ಚಿನವು, ಪ್ರತಿಯೊಂದೂ ಹಿಂದಿನದಕ್ಕಿಂತ ಒಂದು ಪೂರ್ಣ ಸ್ವರ ಕೆಳಗೆ. ಮೆಟ್ಟಿಲು ಇಳಿದು ಹೋಗಿ, ಕೊನೆಯ ಎಫ್ ಶಾರ್ಪ್ ಮತ್ತೆ ಮೇಲಿನ ಬಾಗಿಲಿಗೇ ತಂದು ನಿಲ್ಲಿಸುತ್ತದೆ. ಜೆಥ್ರೋ ಟಲ್ ತಂಡದ 1969ರ ‘ವಿ ಯೂಸ್ಡ್ ಟು ನೋ’ ಹಾಡಿನಲ್ಲೂ ಇಂಥದೇ ಸರಣಿ ಇದೆ ಎಂಬ ಮಾತು ಹಳೆಯದು. ಎರಡನ್ನೂ ಪಕ್ಕಪಕ್ಕ ಹಾಕಿ ಕೇಳಿದರೆ ಹೋಲಿಕೆ ನಿಜ. ಆದರೆ ತಾಳ, ರಾಗ, ಭಾವ ಮೂರೂ ಬೇರೆ. ಕಳವಿನ ಆರೋಪಕ್ಕೆ ಅಷ್ಟು ಸಾಲದು.

ಆಲ್ಬಮ್ 1976ರ ಡಿಸೆಂಬರ್ 8ರಂದು ಅಸೈಲಮ್ ಕಂಪನಿಯಿಂದ ಹೊರಬಂತು. ಮೊದಲ ಸಿಂಗಲ್ (ಬಿಡಿಯಾಗಿ ಹೊರತಂದ ಹಾಡು) ‘ನ್ಯೂ ಕಿಡ್ ಇನ್ ಟೌನ್’. ಶೀರ್ಷಿಕೆ ಹಾಡನ್ನು 1977ರ ಫೆಬ್ರವರಿಯಲ್ಲಿ ಸಿಂಗಲ್ ಆಗಿ ಬಿಡುವಾಗ ಕಂಪನಿಗೆ ಅಳುಕಿತ್ತು. ರೇಡಿಯೋದವರಿಗೆ ಬೇಕಿದ್ದದ್ದು ಮೂರು, ಮೂರೂವರೆ ನಿಮಿಷದ ಹಾಡು. ಇಲ್ಲಿ ಗಾಯನ ಶುರುವಾಗಲೇ ಮುಕ್ಕಾಲು ನಿಮಿಷಕ್ಕಿಂತ ಹೆಚ್ಚು ಕಾಯಬೇಕು, ನಡುವೆ ವಾದ್ಯ ಸ್ತಬ್ಧವಾಗುತ್ತದೆ, ಕಡೆಗೆ ಎರಡು ನಿಮಿಷ ಬರೀ ಗಿಟಾರ್. ಕತ್ತರಿಸಲು ತಂಡ ಒಪ್ಪಲಿಲ್ಲ. ಮೇ 7, 1977ರಂದು ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ ಒಂದು ವಾರ ಮೊದಲ ಸ್ಥಾನ. ಬ್ರಿಟನ್ನಿನಲ್ಲಿ 8ನೆಯ ಸ್ಥಾನ. 1978ರ ಗ್ರ್ಯಾಮಿಯಲ್ಲಿ ವರ್ಷದ ರೆಕಾರ್ಡ್ ಪ್ರಶಸ್ತಿ ಇದಕ್ಕೇ ಬಂತು, ತಂಡದವರು ಸಮಾರಂಭಕ್ಕೆ ಹೋಗಲಿಲ್ಲ. ಒಂದೇ ವಾರದ ಅಗ್ರಸ್ಥಾನಕ್ಕಿಂತ ಮುಂದಿನ ದಶಕಗಳ ಬಾಳಿಕೆ ದೊಡ್ಡದು: 2018ರಲ್ಲಿ ಅಮೆರಿಕದ ಧ್ವನಿಮುದ್ರಣ ಕಂಪನಿಗಳ ಸಂಘ ಆರ್‌ಐಎಎ ಆಲ್ಬಮ್ಮಿನ ಮಾರಾಟಕ್ಕೆ 26 ಪಟ್ಟು ಪ್ಲಾಟಿನಂ ಮನ್ನಣೆ ಕೊಟ್ಟಿತು. ರೋಲಿಂಗ್ ಸ್ಟೋನ್ ಪತ್ರಿಕೆಯ 2004ರ 500 ಶ್ರೇಷ್ಠ ಹಾಡುಗಳ ಪಟ್ಟಿಯಲ್ಲಿ ಇದು 49ನೆಯದು.

ಸಾಹಿತ್ಯದ ಸುತ್ತ ಹುಟ್ಟಿದ ವದಂತಿಗಳಿಗೆ, ಸೈತಾನ ಪೂಜೆ ಮತ್ತು ಹುಚ್ಚಾಸ್ಪತ್ರೆ ಸೇರಿ, ಸಮಯ ಕೊಡಬೇಕಿಲ್ಲ. ಮುಗ್ಧತೆಯಿಂದ ಅನುಭವದತ್ತ ಸಾಗುವ ಪಯಣ ಇದು ಎಂದು ಹೆನ್ಲಿ ಹಲವು ಬಾರಿ ಹೇಳಿದ್ದಾರೆ. ಲಾಸ್ ಏಂಜಲಿಸ್‌ನ ಭೋಗದ ಬದುಕೇ ಅದರ ಹಿನ್ನೆಲೆ. ಹೊದಿಕೆಯ ಮೇಲಿರುವ ಕಟ್ಟಡ ಬೆವರ್ಲಿ ಹಿಲ್ಸ್ ಹೋಟೆಲ್, ಸೂರ್ಯ ಮುಳುಗುವ ಹೊತ್ತಿಗೆ ಡೇವಿಡ್ ಅಲೆಕ್ಸಾಂಡರ್ ತೆಗೆದ ಚಿತ್ರ. ವಿನ್ಯಾಸ ಕಾಶ್ ಅವರದು. ಒಳಗಿನ ಪಡಸಾಲೆ ಮಾತ್ರ ಬೇರೆ, ಹಾಲಿವುಡ್ಡಿನ ಲೀಡೋ ಹೋಟೆಲಿನದು. ಮೆಕ್ಸಿಕೋದ ಟೊಡೊಸ್ ಸಾಂಟೊಸ್ ಊರಿನಲ್ಲಿ ಇದೇ ಹೆಸರಿನ ಹೋಟೆಲೊಂದಿದೆ; ಹಾಡಿಗೂ ಅದಕ್ಕೂ ನಂಟಿಲ್ಲ. ತಂಡ ಅದರ ಮೇಲೆ 2017ರಲ್ಲಿ ದಾವೆ ಹೂಡಿ, 2018ರಲ್ಲಿ ರಾಜಿಯಾಯಿತು.

ಈಗ ಕೊಳ್ಳುವ ಮಾತು. ಹಳೆಯ ಎಲ್‌ಪಿ ಹುಡುಕುವವರು ಅಮೆರಿಕದ ಮೊದಲ ಮುದ್ರಣದ 7ಇ-1084 ಸಂಖ್ಯೆ ನೋಡಲಿ. 6ಇ-103 ಎಂದಿದ್ದರೆ ಅದು ನಂತರದ್ದು. ಹೊದಿಕೆ ಪುಸ್ತಕದಂತೆ ತೆರೆದುಕೊಳ್ಳಬೇಕು, ಒಳಚೀಲದಲ್ಲಿ ಸಾಹಿತ್ಯ ಇರಬೇಕು, ತಂಡದ ಪೋಸ್ಟರ್ ಇದ್ದರೆ ಪ್ರತಿ ಪೂರ್ತಿ. ಹೊದಿಕೆಗಿಂತ ಮುಖ್ಯವಾದದ್ದು ಲೇಬಲ್ಲಿನ ಸುತ್ತಲಿನ ಖಾಲಿ ಜಾಗ. ಅಲ್ಲಿ ಸ್ಟರ್ಲಿಂಗ್ ಎಂಬ ಅಚ್ಚು ಇದ್ದರೆ ತಟ್ಟೆ ಟೆಡ್ ಜೆನ್ಸನ್ ಮಾಸ್ಟರಿಂಗ್ ಮಾಡಿದ ಸ್ಟರ್ಲಿಂಗ್ ಸೌಂಡ್ ಸ್ಟುಡಿಯೋದಲ್ಲಿ ಕೊರೆದದ್ದು. ಎರಡನೆಯ ಬದಿಯಲ್ಲಿ ‘ವಿಓಎಲ್ ಈಸ್ ಫೈವ್ ಪೀಸ್ ಲೈವ್’ ಎಂದು ಗೀಚಿರುತ್ತದೆ: ‘ವಿಕ್ಟಿಮ್ ಆಫ್ ಲವ್’ ಹಾಡಿನ ವಾದ್ಯಭಾಗವನ್ನು ಐವರೂ ಒಟ್ಟಿಗೆ ನುಡಿಸಿ ಮುದ್ರಿಸಿದ್ದಕ್ಕೆ ಗುರುತು.

ಬಳಸಿದ ಪ್ರತಿಯನ್ನು ಪರೀಕ್ಷಿಸಲು ಇಡೀ ಆಲ್ಬಮ್ ಕೇಳಬೇಕಿಲ್ಲ. ಮೊದಲ ಬದಿಯ ಮೊದಲ 50 ಸೆಕೆಂಡ್ ಸಾಕು. ಶೀರ್ಷಿಕೆ ಹಾಡು ತಟ್ಟೆಯ ಹೊರ ಅಂಚಿನಲ್ಲಿದೆ. ಎಲ್ಲರೂ ಸೂಜಿ ಇಳಿಸಿದ್ದು ಅಲ್ಲೇ, ಬೆರಳು ಜಾರಿದ್ದೂ ಅಲ್ಲೇ, ಬಿಸಿಲಿಗೆ ತಟ್ಟೆ ಬಾಗುವುದೂ ಅಂಚಿನಿಂದಲೇ. ಗಿಟಾರ್ ಮಾತ್ರ ಇರುವ ಆ ಮೆಲುದನಿಯ ಭಾಗದಲ್ಲಿ ಚಟಪಟ ಸದ್ದು ಅಡಗಿಕೊಳ್ಳಲಾರದು. ಬಳಿಕ ಎರಡನೆಯ ಬದಿಯ ಕೊನೆಯ ‘ದಿ ಲಾಸ್ಟ್ ರೆಸಾರ್ಟ್’ ಹಾಡಿನ ಏರುದನಿಯ ಅಂತ್ಯಕ್ಕೆ ಹೋಗಿ. ಹೊರ ಅಂಚಿನಲ್ಲಿ ಸೂಜಿಯ ಕೆಳಗೆ ಗೆರೆ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಓಡಿದರೆ, ಲೇಬಲ್ ಹತ್ತಿರ 21ರ ಆಸುಪಾಸಿಗೆ ಇಳಿದಿರುತ್ತದೆ. ಅಷ್ಟೇ ಸಂಗೀತ ಅರ್ಧಕ್ಕಿಂತ ಕಡಿಮೆ ಉದ್ದದಲ್ಲಿ ಕಿಕ್ಕಿರಿದಿರುವುದರಿಂದ ಸವೆದ ಸೂಜಿ ಮಾಡಿದ ಹಾನಿ ಮೊದಲು ಅಲ್ಲಿ ಕೇಳಿಸುತ್ತದೆ. ಹೆನ್ಲಿಯವರ ಸ, ಶ ಅಕ್ಷರಗಳು ಅಲ್ಲಿ ಉರಿದಂತೆ ಒಡೆದರೆ ಆ ಪ್ರತಿ ಬೇಡ. ತೊಳೆದರೂ ಅದು ಹೋಗುವುದಿಲ್ಲ. ನಿಮ್ಮ ಪ್ಲೇಯರಿನ ವೇಗವನ್ನೂ ಇದೇ ಹಾಡಿನಿಂದ ಅಳೆಯಬಹುದು. ಆರೂವರೆ ನಿಮಿಷದ ಹಾಡು 6:18ಕ್ಕೇ ಮುಗಿದರೆ ತಟ್ಟೆ ಸುಮಾರು 3 ಶೇಕಡಾ ವೇಗವಾಗಿ ತಿರುಗುತ್ತಿದೆ, ಅಂದರೆ ಶ್ರುತಿ ಕಾಲು ಸ್ವರದಷ್ಟು ಮೇಲೇರಿದೆ. ಬೆಲ್ಟ್ ಅಥವಾ ವೇಗದ ತಿರುಪು ನೋಡಿ.

ಏಳಿಂಚಿನ ಸಿಂಗಲ್, ಹಿಂಬದಿಯಲ್ಲಿ ‘ಪ್ರಿಟಿ ಮೇಡ್ಸ್ ಆಲ್ ಇನ್ ಎ ರೋ’, ಸಂಗ್ರಹಕ್ಕೆ ಚಂದ, ಕೇಳಲು ಎಲ್‌ಪಿಯೇ ಮೇಲು. 45ರ ವೇಗದಲ್ಲಿ ಇಷ್ಟು ಉದ್ದದ ಹಾಡನ್ನು ಚಿಕ್ಕ ತಟ್ಟೆಯಲ್ಲಿ ತುಂಬಿಸಲು ಗೆರೆಗಳನ್ನು ಒತ್ತೊತ್ತಾಗಿ ಕೊರೆಯಬೇಕು, ಧ್ವನಿಮಟ್ಟ ಇಳಿಸಬೇಕು; ಅದರ ಮೇಲೆ ಆ ಗಿಟಾರ್ ಜೋಡಿ ಬರುವುದು ತಟ್ಟೆಯ ಒಳ ಅಂಚಿನಲ್ಲಿ.

ತಟ್ಟೆ ಬೇಡ ಎನ್ನುವವರಿಗೆ 2017ರ ನಲವತ್ತನೆಯ ವರ್ಷದ ಡಿಲಕ್ಸ್ ಆವೃತ್ತಿ ಒಳ್ಳೆಯದು. ಬ್ಲೂ-ರೇ ಆಡಿಯೋದಲ್ಲಿ ಹೈ-ರೆಸಲ್ಯೂಷನ್ ಸ್ಟೀರಿಯೋ ಮತ್ತು ಸುತ್ತಲೂ ಇಟ್ಟ ಸ್ಪೀಕರುಗಳಿಗಾಗಿ 5.1 ಮಿಕ್ಸ್ ಇದೆ. ಅದಕ್ಕಿಂತ ಬೆಲೆಯುಳ್ಳದ್ದು ಲಾಸ್ ಏಂಜಲಿಸ್‌ನ ಫೋರಮ್ಮಿನಲ್ಲಿ 1976ರ ಅಕ್ಟೋಬರಿನಲ್ಲಿ ಮುದ್ರಿಸಿದ ಕಛೇರಿಯ ಭಾಗ. ಆಲ್ಬಮ್ ಇನ್ನೂ ಬಿಡುಗಡೆಯಾಗಿರಲಿಲ್ಲ, ಸಭಿಕರಿಗೆ ಹಾಡು ಹೊಸದು. ಮೊದಲ ಸ್ವರಕ್ಕೇ ಕೂಗುವವರು ಯಾರೂ ಇಲ್ಲ. ಆ ಸಂಚಿಕೆಗೆ ಕೊಡುವ ಹಣಕ್ಕೆ ಇದೊಂದೇ ಸಾಕು. ಸ್ಟ್ರೀಮಿಂಗಿನಲ್ಲಿ ಕೇಳುವುದಾದರೆ ‘2013 ರೀಮಾಸ್ಟರ್’ ಎಂದು ಬರೆದಿರುವುದೇ ಸ್ಟುಡಿಯೋ ರೂಪ. ಏಳು ನಿಮಿಷ ದಾಟಿದ್ದರೆ ಅದು ಲೈವ್. ಆ್ಯಪಿನ ಸೆಟಿಂಗ್ಸಿನಲ್ಲಿ ಕ್ರಾಸ್‌ಫೇಡ್ ನಿಲ್ಲಿಸಿಡಿ. ಈ ಹಾಡು ಗಿಟಾರ್ ನುಡಿಯುತ್ತಿರುವಂತೆಯೇ ಮೆಲ್ಲಗೆ ಮಾಸುತ್ತದೆ. ಆ ಸೌಲಭ್ಯ ಚಾಲೂ ಇದ್ದರೆ ಮುಂದಿನ ಹಾಡು ಅದರ ಮೇಲೇ ಬಂದು ಕೂರುತ್ತದೆ. ಫೋನಿನ ಒಂಟಿ ಸ್ಪೀಕರಿನಲ್ಲಿ ಎರಡು ಲೀಡ್ ಗಿಟಾರ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಸಾಧಾರಣ ಇಯರ್‌ಫೋನ್ ಆದರೂ ಹಾಕಿಕೊಳ್ಳಿ.

‘ಹೆಲ್ ಫ್ರೀಜಸ್ ಓವರ್’ ಬೇಡವೆಂದಲ್ಲ. ಹದಿನಾಲ್ಕು ವರ್ಷ ಒಡೆದಿದ್ದ ತಂಡ ಮತ್ತೆ ಕೂಡಿ 1994ರ ಏಪ್ರಿಲಿನಲ್ಲಿ ಎಂಟಿವಿಗಾಗಿ ನುಡಿಸಿದ್ದು, ಎಲಿಯಟ್ ಶೈನರ್ ಅವರ ಧ್ವನಿಗಾರಿಕೆ ಅಚ್ಚುಕಟ್ಟು. ಕೆಳದನಿಯ ಆ ಪೆಟ್ಟು ಸಬ್‌ವೂಫರಿನ ಗುಣ ತಕ್ಷಣ ಹೇಳುತ್ತದೆ: ಸದ್ದು ಬಿಗಿಯಾಗಿ ಬಂದು ನಿಲ್ಲಬೇಕು, ಕೋಣೆಯಲ್ಲಿ ಗುಂಯ್‌ಗುಟ್ಟಿ ಉಳಿದರೆ ಸಬ್‌ವೂಫರನ್ನು ಮೂಲೆಯಿಂದ ಈಚೆಗೆ ತನ್ನಿ. ಆದರೆ ಇಲ್ಲಿ ಎಲೆಕ್ಟ್ರಿಕ್ ಗಿಟಾರುಗಳ ಜಗಳವಿಲ್ಲ, ಹಾಡಿನ ಒಳಗಿನ ಬೆದರಿಕೆ ಇಲ್ಲ. 2004ರ ಮೆಲ್ಬರ್ನ್ ಕಛೇರಿಯ ಡಿವಿಡಿಯಲ್ಲಿ ಟ್ರಂಪೆಟ್ ಆರಂಭವಿದೆ, ಫೆಲ್ಡರ್ ಇಲ್ಲ. 2001ರಲ್ಲೇ ಅವರನ್ನು ತಂಡದಿಂದ ಹೊರಹಾಕಲಾಗಿತ್ತು. ಅವರ ಜಾಗದಲ್ಲಿ ಸ್ಟೂವರ್ಟ್ ಸ್ಮಿತ್ ಸ್ವರ ತಪ್ಪದೆ ನುಡಿಸುತ್ತಾರೆ.

ನುಡಿಸಲು ಕಲಿಯುವವರಿಗಾಗಿ ಇಷ್ಟು. ಒಂದೇ ಗಿಟಾರ್ ಇದ್ದರೆ ಏಳನೆಯ ಫ್ರೆಟ್ಟಿನ ಕೇಪೋ ತೀರಾ ತೆಳುವಾಗಿ ಕೇಳಿಸುತ್ತದೆ. ಎರಡನೆಯ ಫ್ರೆಟ್ಟಿಗೆ ಹಾಕಿ ಎ ಮೈನರ್, ಇ, ಜಿ, ಡಿ, ಎಫ್, ಸಿ, ಡಿ ಮೈನರ್, ಇ ಹಿಡಿಯಿರಿ. ಇಬ್ಬರಿದ್ದರೆ ಒಬ್ಬರು ಎರಡರಲ್ಲಿ, ಇನ್ನೊಬ್ಬರು ಏಳರಲ್ಲಿ. ಹನ್ನೆರಡು ತಂತಿಯ ಗಿಟಾರಿಗೆ ಕೇಪೋ ಬಿಗಿದ ಮೇಲೆ ಮತ್ತೊಮ್ಮೆ ಶ್ರುತಿ ಮಾಡಲೇಬೇಕು, ಜೋಡಿ ತಂತಿಗಳಲ್ಲಿ ದಪ್ಪದ್ದು ಹೆಚ್ಚು ಎಳೆದುಕೊಳ್ಳುತ್ತದೆ. ಲೀಡ್ ಭಾಗದಲ್ಲಿ ಹೆಚ್ಚಿನವರು ಎಡವುವುದು ಎಫ್ ಶಾರ್ಪ್ ಕಾರ್ಡಿನ ಮೇಲೆ. ಬಿ ಮೈನರ್ ಪೆಂಟಟೋನಿಕ್ (ಐದು ಸ್ವರಗಳ) ಶ್ರೇಣಿಯಲ್ಲಿರುವ ಎ ಸ್ವರ ಅಲ್ಲಿ ಮುಳ್ಳಿನಂತೆ ಚುಚ್ಚುತ್ತದೆ, ಏಕೆಂದರೆ ಕಾರ್ಡಿನೊಳಗೆ ಇರುವುದು ಎ ಶಾರ್ಪ್. ಇ ಕಾರ್ಡ್ ಬಂದಾಗ ಜಿ ಶಾರ್ಪ್, ಅದರ ಬೆನ್ನಿಗೇ ಬರುವ ಜಿ ಕಾರ್ಡಿನಲ್ಲಿ ಬರೀ ಜಿ. ಕೊನೆಯ ಜೋಡಿಸ್ವರಗಳು ಬಹುಮಟ್ಟಿಗೆ ಆಯಾ ಕಾರ್ಡಿನ ಸ್ವರಗಳನ್ನೇ ಬಿಡಿಸಿ ಇಳಿಸಿದವು. ಹಾಗಾಗಿ ಮೊದಲು ಎಂಟೂ ಕಾರ್ಡುಗಳ ಮೂರು ಮೂರು ಸ್ವರಗಳನ್ನು ಮೇಲಿನ ಮೂರು ತಂತಿಗಳಲ್ಲಿ ನಿಧಾನ ಲಯದಲ್ಲಿ ಸಾಧಿಸಿಕೊಂಡು, ಆಮೇಲೆ ರೆಕಾರ್ಡಿನ ಜೊತೆ ಕೂಡಿ.