ಸ್ಪಾನ್ ಆದ ವರ್ಕರ್‌ಗಳನ್ನು ಹಿಡಿಯಲು ಜಿಡಿಬಿಯೇ ಸಾಕು: ಒಂದು ಹೋಲಿಕೆ

ಓಡುತ್ತಿರುವ ಎಂಪಿಐ (ಹಲವು ಪ್ರೋಸೆಸ್‌ಗಳು ಸಂದೇಶ ಕಳುಹಿಸಿಕೊಂಡು ಒಟ್ಟಿಗೆ ಲೆಕ್ಕ ಮಾಡುವ ಮಾನಕ) ಪ್ರೋಗ್ರಾಮಿನ ನಡುವೆ ಹುಟ್ಟಿಕೊಳ್ಳುವ, ಅಂದರೆ ಸ್ಪಾನ್ ಆಗುವ, ವರ್ಕರ್ ಪ್ರೋಸೆಸ್‌ಗಳ ದೋಷ ಹುಡುಕುವುದಕ್ಕೆ ನನ್ನಂಥವರು ದುಡ್ಡು ಕೊಟ್ಟು ಡಿಬಗ್ಗರ್ ಕೊಳ್ಳಬೇಕಾಗಿಲ್ಲ ಎಂಬುದು, ಒಂದು ವಾಣಿಜ್ಯ ಡಿಬಗ್ಗರಿನ ಟ್ರಯಲ್ ಅವಧಿ ಮುಗಿಯುವ ಹೊತ್ತಿಗೆ ನನಗೆ ಖಚಿತವಾಯಿತು. ವರ್ಕರ್ ಕೋಡಿನಲ್ಲಿ ಕಾಯುವ ಲೂಪ್ ಒಂದನ್ನು ಇಟ್ಟು, ಅದು ನಿಂತಲ್ಲಿಗೆ ಹೋಗಿ ಉಚಿತ ಡಿಬಗ್ಗರ್ ಆದ ಜಿಡಿಬಿಯನ್ನು ಅಟ್ಯಾಚ್ ಮಾಡುವ (ಓಡುತ್ತಿರುವ ಪ್ರೋಸೆಸ್ಸಿಗೆ ತಗಲಿಸುವ) ಹಳೆಯ ಪದ್ಧತಿಯೇ ನನಗೆ ಒಗ್ಗಿದೆ.

ನಾನು ಬರೆಯುತ್ತಿರುವುದು ಕೃಷ್ಣಾ ನದಿಯ ನೀರು ಏರಿದಂತೆ ಆಲಮಟ್ಟಿ ಹಿನ್ನೀರಿನ ಅಂಚಿನಲ್ಲಿ ಎಷ್ಟು ನೆಲ ಮುಳುಗೀತು ಎಂಬುದನ್ನು ಲೆಕ್ಕ ಹಾಕುವ ಪ್ರೋಗ್ರಾಮು. ನೀರು ಹರಡಿದಷ್ಟೂ ಲೆಕ್ಕ ಬೆಳೆಯುವುದರಿಂದ, 1997ರ ಎಂಪಿಐ-2 ಮಾನಕದಲ್ಲಿ ಬಂದ ಎಂಪಿಐ_ಕಾಮ್_ಸ್ಪಾನ್ ಎಂಬ ಕರೆ ಬಳಸಿ ಬೇಕಾದಾಗ ಮಾತ್ರ ಹೊಸ ವರ್ಕರ್‌ಗಳನ್ನು ಹುಟ್ಟಿಸುತ್ತೇನೆ. ಬಾಗಲಕೋಟೆಯ ನವನಗರದ ಮನೆಯಲ್ಲಿ ಕುಳಿತು, ಒಂದು ಕಾಲೇಜಿನ ಲ್ಯಾಬಿನಲ್ಲಿರುವ ಉಬುಂಟು ಯಂತ್ರಗಳಿಗೆ ಎಸ್‌ಎಸ್‌ಎಚ್ ಮೂಲಕ ಲಾಗಿನ್ ಆಗುತ್ತೇನೆ. ಅಲ್ಲಿ ನನಗೆ ಸೂಡೊ (ಅಡ್ಮಿನ್) ಅಧಿಕಾರವಿಲ್ಲ.

ಮೊದಲ ದಾರಿ, ಪ್ರಿಂಟ್‌ಎಫ್‌ನಿಂದ ಪರದೆಗೆ ಸಂದೇಶ ಮುದ್ರಿಸಿ ನೋಡುವುದು. ಅದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸ್ಪಾನ್ ಆದ ವರ್ಕರ್‌ಗಳಿಗೆ ತಮ್ಮದೇ ಆದ ಎಂಪಿಐ_ಕಾಮ್_ವರ್ಲ್ಡ್ ಎಂಬ ಗುಂಪು ಇರುವುದರಿಂದ ಅವುಗಳ ಕ್ರಮಸಂಖ್ಯೆಯಾದ ರ‍್ಯಾಂಕ್ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಪರದೆಯ ಮೇಲೆ ಮೂಡಿದ ‘ರ‍್ಯಾಂಕ್ 0’ ಯಾರ ಮಾತೆಂದು ತಿಳಿಯಬೇಕಾದರೆ ಹೋಸ್ಟ್ (ಯಂತ್ರದ) ಹೆಸರನ್ನೂ ಪಿಐಡಿಯನ್ನೂ (ಪ್ರೋಸೆಸ್ಸಿನ ಸಂಖ್ಯೆ) ಸೇರಿಸಿ ಮುದ್ರಿಸಲೇಬೇಕು.

ಎರಡನೆಯದಾದ ವಾಣಿಜ್ಯ ಡಿಬಗ್ಗರ್ ನೋಡಲು ಸೊಗಸಾಗಿತ್ತು ಮತ್ತು ಆರಂಭದಲ್ಲೇ ಹೊರಟ ಪ್ರೋಸೆಸ್‌ಗಳನ್ನು ಚೆನ್ನಾಗಿ ತೋರಿಸಿತು, ಆದರೆ ನಮ್ಮ ಲ್ಯಾಬಿನ ವ್ಯವಸ್ಥೆಯಲ್ಲಿ ಸ್ಪಾನ್ ಆದವು ಅದರ ಪಟ್ಟಿಗೆ ಬರಲೇ ಇಲ್ಲ. ಇಂಥ ಡಿಬಗ್ಗರ್‌ಗಳು ಬಹುಕಾಲ ನಂಬಿಕೊಂಡು ಬಂದ ಎಂಪಿಐಆರ್ ವ್ಯವಸ್ಥೆಯಲ್ಲಿ, ಲಾಂಚರ್ (ಎಂಪಿಐ ಪ್ರೋಗ್ರಾಮನ್ನು ಹೊರಡಿಸುವ ಸಾಧನ) ತಾನು ಹೊರಡಿಸಿದ ಪ್ರೋಸೆಸ್‌ಗಳ ಹೋಸ್ಟ್, ಪ್ರೋಗ್ರಾಮು, ಪಿಐಡಿಗಳನ್ನು ಒಂದು ಕೋಷ್ಟಕದಲ್ಲಿ ಬರೆದಿಡುತ್ತದೆ. ಮದುವೆ ಮನೆಯ ಬಾಗಿಲಲ್ಲಿ ಹೆಸರು ಬರೆದುಕೊಂಡವನಿಗೆ ಹಿತ್ತಲಿನಿಂದ ಬಂದವರ ಲೆಕ್ಕ ಸಿಗದಂತೆ, ಆಮೇಲೆ ಹುಟ್ಟಿದವು ಅದರಲ್ಲಿ ಇರಲೇಬೇಕೆಂದಿಲ್ಲ. ಬೆಲೆಯಂತೂ ನನ್ನ ಕೈಗೆ ಎಟುಕುವಂಥದ್ದಲ್ಲ.

ಮೂರನೆಯದು, ಸ್ಪಾನ್ ಕರೆಗೆ ವರ್ಕರಿನ ಬದಲು ಎಕ್ಸ್‌ಟರ್ಮ್ (ಟರ್ಮಿನಲ್ ಕಿಟಕಿಯ ಪ್ರೋಗ್ರಾಮು) ಹೆಸರನ್ನೇ ಕೊಟ್ಟು, ಅದರೊಳಗೆ ಜಿಡಿಬಿಯಿಂದ ವರ್ಕರನ್ನು ಹೊರಡಿಸುವುದು. ಸ್ಪಾನಿನ ಆರ್ಗ್ಯುಮೆಂಟ್ ಪಟ್ಟಿಯಲ್ಲಿ ಪ್ರೋಗ್ರಾಮಿನ ಹೆಸರು ಸೇರುವುದಿಲ್ಲ ಎಂಬುದನ್ನು ನೆನಪಿಟ್ಟರೆ ಇದು ಜಾಣ ಉಪಾಯವೇ. ಲ್ಯಾಬಿನಲ್ಲೇ ಕುಳಿತವರಿಗೆ ಇದನ್ನು ಧಾರಾಳವಾಗಿ ಹೇಳುತ್ತೇನೆ, ಆದರೆ ನಮ್ಮ ಮನೆಯ ಇಂಟರ್ನೆಟ್ಟಿನಲ್ಲಿ ಪ್ರತಿ ವರ್ಕರಿಗೂ ಒಂದೊಂದು ಕಿಟಕಿ ತೆರೆಯುವುದನ್ನು ಕಾಯುವಷ್ಟು ತಾಳ್ಮೆ ನನಗಿಲ್ಲ.

ಇನ್ನು ನನ್ನ ಪದ್ಧತಿಗೆ ಬರೋಣ. ವೊಲಟೈಲ್ (ಪ್ರತಿ ಸಲವೂ ಮೆಮೊರಿಯಿಂದಲೇ ಓದಬೇಕಾದದ್ದು) ಎಂದು ಘೋಷಿಸಿದ ಒಂದು ವೇರಿಯಬಲ್ ಸೊನ್ನೆಯಾಗಿರುವವರೆಗೆ ವರ್ಕರ್ ನಿದ್ರಿಸುತ್ತಿರುತ್ತದೆ; ಜಿಡಿಬಿಯನ್ನು ಅಟ್ಯಾಚ್ ಮಾಡಿ ಆ ಬೆಲೆಯನ್ನು ಬದಲಿಸಿದರೆ ಮುಂದೆ ಸಾಗುತ್ತದೆ. ಇದರಲ್ಲಿ ಬಹಳ ಕಾಡಿದ್ದು ಒಂದೇ ಒಂದು ತೊಡಕು: ಅಟ್ಯಾಚ್ ಮಾಡಲು ಹೋದಾಗಲೆಲ್ಲ ಪಿಟ್ರೇಸಿಗೆ (ಇನ್ನೊಂದು ಪ್ರೋಸೆಸ್ಸನ್ನು ಹಿಡಿದು ನೋಡಲು ಡಿಬಗ್ಗರ್ ಬಳಸುವ ಲಿನಕ್ಸ್ ಕರೆ) ಅನುಮತಿಯಿಲ್ಲ ಎಂಬ ಉತ್ತರ ಬರುತ್ತಿತ್ತು. ಪ್ರೋಸೆಸ್ ನನ್ನದು, ಜಿಡಿಬಿ ನಡೆಸುತ್ತಿರುವವನೂ ನಾನೇ, ಆದರೂ ನಿರಾಕರಣೆ.

ಕಾರಣವಿದ್ದದ್ದು ಕರ್ನಲ್ಲಿನ ಯಾಮ ಎಂಬ ಭದ್ರತಾ ವ್ಯವಸ್ಥೆಯಲ್ಲಿ. ಅದರ ಪಿಟ್ರೇಸ್_ಸ್ಕೋಪ್ ಬೆಲೆ ಉಬುಂಟುವಿನಲ್ಲಿ ಸಾಮಾನ್ಯವಾಗಿ 1 ಆಗಿರುತ್ತದೆ. ಆಗ ಡಿಬಗ್ಗರ್ ತನ್ನ ಸಂತತಿಯ ಪ್ರೋಸೆಸ್‌ಗಳನ್ನು ಮಾತ್ರ ಮುಟ್ಟಬಹುದು. ನನ್ನ ವರ್ಕರ್‌ಗಳಾದರೋ ಜಿಡಿಬಿಯ ಸಂತತಿಯಲ್ಲ, ಸ್ಪಾನ್ ಕರೆದ ಪ್ರೋಸೆಸ್ಸಿನ ಸಂತತಿಯೂ ಅಲ್ಲ. ಅವನ್ನು ನಿಜವಾಗಿ ಹೊರಡಿಸುವುದು ಆಯಾ ಯಂತ್ರದಲ್ಲಿರುವ ಲಾಂಚರಿನ ಡೀಮನ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮು). ಮೂಲ ಪ್ರೋಸೆಸ್ಸನ್ನು ಹಿಡಿದು ಜಿಡಿಬಿಯ ಫಾಲೋ-ಫೋರ್ಕ್-ಮೋಡ್ (ಮಗು ಪ್ರೋಸೆಸ್ಸನ್ನು ಹಿಂಬಾಲಿಸುವ ಸೌಲಭ್ಯ) ಬಳಸಿದರೂ ಅವು ಸಿಗದಿರುವುದು ಇದೇ ಕಾರಣಕ್ಕೆ. ಈ ತಡೆ ತೆಗೆಯಲು ಬೆಲೆಯನ್ನು 0 ಮಾಡಬೇಕೆಂದರೆ ಸೂಡೊ ಬೇಕು. ಲ್ಯಾಬಿನ ಅಡ್ಮಿನ್ ಅವರನ್ನು ಕೇಳಿದರೆ, ವಿದ್ಯಾರ್ಥಿಗಳೆಲ್ಲ ಬಳಸುವ ಯಂತ್ರಗಳಲ್ಲಿ ಹಾಗೆ ಮಾಡಲಾಗದು ಎಂದರು, ಅದು ಸರಿಯೂ ಹೌದು. ಪರಿಹಾರ ವರ್ಕರಿನೊಳಗೇ ಇತ್ತು. ಪಿಆರ್‌ಸಿಟಿಎಲ್ ಕರೆಯಲ್ಲಿ ಪಿಆರ್_ಸೆಟ್_ಪಿಟ್ರೇಸರ್ ಆಯ್ಕೆಗೆ ಪಿಆರ್_ಸೆಟ್_ಪಿಟ್ರೇಸರ್_ಎನಿ ಎಂದು ಕೊಟ್ಟರೆ, ಆ ಪ್ರೋಸೆಸ್ ತನ್ನನ್ನು ಹಿಡಿಯಲು ತಾನೇ ಒಪ್ಪಿಗೆ ಕೊಟ್ಟಂತಾಗುತ್ತದೆ. ಬೆಲೆ 2 ಅಥವಾ 3 ಇರುವಲ್ಲಿ ಮಾತ್ರ ಇದು ನಡೆಯುವುದಿಲ್ಲ.

ಲೂಪನ್ನು ಎಂಪಿಐ_ಇನಿಟ್ (ಎಂಪಿಐ ಆರಂಭಿಸುವ ಕರೆ) ಆದ ಮೇಲೆ ಇಡುವುದು ಮೇಲು, ಏಕೆಂದರೆ ಮೊದಲೇ ಇಟ್ಟರೆ ರ‍್ಯಾಂಕ್ ಗೊತ್ತಾಗದೆ ಎಲ್ಲ ವರ್ಕರ್‌ಗಳೂ ನಿಲ್ಲುತ್ತವೆ, ಅವು ಇನಿಟ್ ಮುಟ್ಟುವವರೆಗೆ ಅತ್ತ ಸ್ಪಾನ್ ಕರೆಯೂ ಮರಳದೆ ಕಾಯಬಹುದು. ಯಾವ ರ‍್ಯಾಂಕ್ ನಿಲ್ಲಬೇಕೆಂಬುದನ್ನು ಸ್ಪಾನಿನ ಆರ್ಗ್ಯುಮೆಂಟಿನಲ್ಲೇ ಕಳುಹಿಸುತ್ತೇನೆ.

ನೂರಾರು ವರ್ಕರ್‌ಗಳ ಸ್ಥಿತಿಯನ್ನು ಒಂದೇ ಪರದೆಯಲ್ಲಿ ನೋಡಬೇಕಾದವರು, ಸ್ಪಾನ್ ಆದವನ್ನು ಅದು ತಮ್ಮ ಯಂತ್ರದಲ್ಲೇ ತೋರಿಸಿಕೊಟ್ಟ ಮೇಲೆ, ವಾಣಿಜ್ಯ ಡಿಬಗ್ಗರನ್ನು ಕೊಳ್ಳಲಿ. ನನ್ನ ಕೋಡಿನ ದೋಷಗಳು ಸಾಮಾನ್ಯವಾಗಿ ಒಂದೆರಡು ವರ್ಕರ್‌ಗಳಲ್ಲೇ ಸಿಗುವುದರಿಂದ, ಆ ಹಣವನ್ನು ನಾನು ಲ್ಯಾಬಿನ ಯಂತ್ರಗಳ ರ‍್ಯಾಮ್‌ಗೆ ಹಾಕುತ್ತೇನೆ.